ಮುದ್ದಣ: ಹೆಸರನ್ನು ಮರೆಸಿದ ಕವಿಯ ಬಾಳು

ಹೊಸಗನ್ನಡದ ಮುಂಗೋಳಿಯೆಂದು ಇಂದು ಪ್ರಸಿದ್ಧನಾಗಿರುವ ಮುದ್ದಣನು ಬದುಕಿದ್ದಾಗ ಕವಿಕೀರ್ತಿಯನ್ನು ಕಾಣಲಿಲ್ಲ. ಇದನ್ನು ಅವನ ದುರದೃಷ್ಟವೆಂದು ಮರುಗುವುದು ವಾಡಿಕೆ. ಆದರೆ ಕೀರ್ತಿ ತನ್ನ ಮನೆಗೆ ಬರುವ ದಾರಿಯನ್ನು ಅವನೇ ಮುಚ್ಚಿಕೊಂಡಿದ್ದನೆಂಬ ಸಂಗತಿ ಹೆಚ್ಚು ಗಮನಾರ್ಹವಾದುದು.

ನಂದಳಿಕೆಯ ಲಕ್ಷ್ಮೀನಾರಣಪ್ಪ ಜನಿಸಿದ್ದು 1870ರಲ್ಲಿ, ಬಡ ಕುಟುಂಬವೊಂದರಲ್ಲಿ. ಮುದ್ದಣನೆಂಬುದು ಮನೆಯವರು ಅಕ್ಕರೆಯಿಂದ ಕರೆದ ಹೆಸರು. ಉಡುಪಿಯಲ್ಲಿ ಆರಂಭವಾದ ಇಂಗ್ಲಿಷ್ ವಿದ್ಯಾಭ್ಯಾಸ ಬಡತನದಿಂದಾಗಿ ನಡುವೆಯೇ ನಿಂತಿತು. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಬಂದು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾದ. ಹಗಲು ಮಕ್ಕಳಿಗೆ ಕವಾಯತು ಹೇಳಿಕೊಡುತ್ತಿದ್ದವನು ಮಳಲಿ ಸುಬ್ಬರಾಯರ ಗ್ರಂಥಸಂಗ್ರಹದ ನೆರವಿನಿಂದ ಹಳಗನ್ನಡ ಕಾವ್ಯಗಳಲ್ಲಿ ಮುಳುಗಿದ. ರತ್ನಾವತೀ ಕಲ್ಯಾಣ, ಕುಮಾರ ವಿಜಯ ಎಂಬ ಯಕ್ಷಗಾನ ಪ್ರಸಂಗಗಳನ್ನೂ ರಚಿಸಿದ.

ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ಶ್ರೀರಾಮಾಶ್ವಮೇಧ ಈ ಮೂರೂ ಮೈಸೂರಿನ ಪತ್ರಿಕೆಗಳಲ್ಲಿ ಬೆಳಕು ಕಂಡವು. ಪ್ರಾಚೀನ ಕಾವ್ಯಗಳ ಪ್ರಕಟಣೆಗೆ ಮೀಸಲಾಗಿದ್ದ ಆ ಪತ್ರಿಕೆಗಳಿಗೆ ಅವನು ಇವುಗಳನ್ನು ಹಳೆಯ ಕವಿಯ ಕೃತಿಗಳೆಂದೇ ಕಳುಹಿಸಿದ್ದ. ಕರಾವಳಿಯ ಅನಾಮಧೇಯ ಶಿಕ್ಷಕನ ಬರಹವನ್ನು ಪಂಡಿತರು ಕಡೆಗಣಿಸಿಯಾರೆಂಬ ಅಳುಕು ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅಳುಕು ಇದ್ದಿರಬಹುದು. ಆದರೆ ಅಳುಕೊಂದೇ ಕಾರಣವಾಗಿದ್ದರೆ, ಮೊದಲ ಕೃತಿ ಮನ್ನಣೆ ಪಡೆದು ಅಚ್ಚಾದ ಮೇಲೆ ಮುಸುಕು ತೆಗೆಯಲು ಅಡ್ಡಿಯೇನಿತ್ತು? ಅವನು ಹಾಗೆ ಮಾಡಲಿಲ್ಲ. ಕೃತಿ ಓದುಗರನ್ನು ಸೇರಬೇಕೆಂಬ ಹಂಬಲ ಅವನಲ್ಲಿತ್ತು. ಕರ್ತೃವೂ ಜೊತೆಗೆ ಹೋಗಬೇಕೆಂಬ ಹಟವಿರಲಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಮುದ್ದಣನ ಬಾಳು ಬರಿಯ ಕರುಣಕಥೆಯಾಗಿ ತೋರುತ್ತದೆ. 1899ರಲ್ಲಿ ಅದೇ ಜಿಲ್ಲೆಯ ಗುಲ್ವಾಡಿ ವೆಂಕಟರಾಯರು ಇಂದಿರಾಬಾಯಿ ಕಾದಂಬರಿಯನ್ನು ತಮ್ಮ ಹೆಸರಿನಲ್ಲಿಯೇ ಹೊರತಂದರೆಂಬುದನ್ನು ಇಲ್ಲಿ ನೆನೆಯಬಹುದು.

ಈ ಮಾತಿಗೆ ಶ್ರೀರಾಮಾಶ್ವಮೇಧವೇ ಆಧಾರ. ಲೋಕಕ್ಕೆ ಮುಖ ತೋರದ ಕವಿ ಕೃತಿಯೊಳಗೆ ಮಾತ್ರ ನಿಸ್ಸಂಕೋಚವಾಗಿ ಬಂದು ಕುಳಿತಿದ್ದಾನೆ. ಮಳೆಗಾಲದ ಹೊತ್ತಿನಲ್ಲಿ ಮುದ್ದಣ ಮಡದಿ ಮನೋರಮೆಗೆ ಕತೆ ಹೇಳುತ್ತಾನೆ. ಅವಳು ಸುಮ್ಮನೆ ತಲೆದೂಗುವ ಶ್ರೋತೃವಲ್ಲ. ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ. ಬಿಗಿಯಾದ ಸಂಸ್ಕೃತ ಬಂದರೆ ಕೆಣಕುತ್ತಾಳೆ. ಕತೆಯ ಪ್ರತಿಫಲದ ವಿಷಯದಲ್ಲಿಯೂ ಸರಸವಾಗಿ ಚೌಕಾಶಿ ನಡೆಯುತ್ತದೆ. ಪಂಡಿತಸಭೆಯ ಮೆಚ್ಚುಗೆಯ ಸ್ಥಾನದಲ್ಲಿ ಇಲ್ಲಿರುವುದು ಮನೆಯೊಳಗಿನ ಒಬ್ಬಳೇ ಕೇಳುಗಳ ಆಕ್ಷೇಪ ಮತ್ತು ನಗು. ಬರೆದವನಿಗೆ ದೊರೆತ ಸುಖ ಈ ಸಂವಾದಗಳಲ್ಲಿ ಎದ್ದು ಕಾಣುತ್ತದೆ. ಹಳಗನ್ನಡದ ಉಡುಗೆಯಲ್ಲಿದ್ದರೂ ಪುರಾತನನೆಂಬ ಅವನ ವೇಷ ಸಡಿಲವಾಗುವುದೂ ಇಲ್ಲಿಯೇ. ವೇಷ ಕಳಚೀತೆಂಬ ಭಯ ನಿಜವಾಗಿದ್ದರೆ ಈ ಭಾಗಗಳನ್ನು ಅವನು ಬಿಡಬಹುದಾಗಿತ್ತು.

ಕಾವ್ಯದ ಮುದ್ದಣ ಅರಮನೆಯಿಂದ ಮನೆಗೆ ಬರುವವನು. ಉಡುಪಿಯ ಲಕ್ಷ್ಮೀನಾರಣಪ್ಪನಿಗೆ ಅಂಥ ಆಶ್ರಯವಿರಲಿಲ್ಲ. ಕಾಲಕ್ರಮದಲ್ಲಿ ಕ್ಷಯರೋಗ ಅವನನ್ನು ಹಿಡಿಯಿತು. 1901ರ ಫೆಬ್ರುವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಮಡದಿ ಕಮಲಾಬಾಯಿ ಮತ್ತು ಎಳೆಯ ಮಗ ಉಳಿದರು. ಉಡುಪಿಯ ಪಾಲಿಗೆ ತೀರಿಕೊಂಡವನು ಒಬ್ಬ ಶಾಲಾಶಿಕ್ಷಕ. ಆ ಪತ್ರಿಕೆಗಳ ಓದುಗರ ಪಾಲಿಗೆ ಶ್ರೀರಾಮಾಶ್ವಮೇಧದ ಕವಿ ಎಂದೋ ಆಗಿಹೋದ ಪ್ರಾಚೀನ.