ಆಲ್ಫ್ರೆಡ್ ಡ್ರೇಫಸ್: ಹನ್ನೆರಡು ವರ್ಷ ಕಾದ ನ್ಯಾಯ

ಮಾಡದ ತಪ್ಪಿಗೆ ದೇಶದ್ರೋಹಿ ಎಂಬ ಹೆಸರು ಹೊತ್ತು, ಅದನ್ನು ಅಳಿಸಿಕೊಳ್ಳಲು ಹನ್ನೆರಡು ವರ್ಷ ಹೋರಾಡಿದ ಫ್ರಾನ್ಸಿನ ಸೇನಾಧಿಕಾರಿ ಆಲ್ಫ್ರೆಡ್ ಡ್ರೇಫಸ್. ಇತಿಹಾಸ ಮತ್ತು ಕಾನೂನು ಓದುವವರಿಗೆ ಈ ಹೆಸರು ಪರಿಚಿತ. ಕಾಮರ್ಸ್ ಓದುವ ನಮಗೂ ಅವರ ಜೀವನದಲ್ಲಿ ಕಲಿಯುವುದು ಬಹಳ ಇದೆ. ಏಕೆಂದರೆ ಅವರನ್ನು ಕೆಡವಿದ್ದು ಒಂದು ಕಾಗದ, ಕಾಪಾಡಿದ್ದೂ ಕಾಗದಗಳ ಸರಿಯಾದ ತಪಾಸಣೆಯೇ.

ಡ್ರೇಫಸ್ 1859ರ ಅಕ್ಟೋಬರ್ 9ರಂದು ಅಲ್ಸೇಸ್ ಪ್ರಾಂತ್ಯದ ಮ್ಯುಲೂಸ್ ಪಟ್ಟಣದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ಅವರ ತಂದೆಗೆ ಬಟ್ಟೆ ಗಿರಣಿ ಇತ್ತು. 1870ರ ಯುದ್ಧದಲ್ಲಿ ಫ್ರಾನ್ಸ್ ಸೋತು, ಮರುವರ್ಷ ಅಲ್ಸೇಸ್ ಜರ್ಮನಿಯ ಪಾಲಾಯಿತು. ಆ ಕುಟುಂಬ ಫ್ರೆಂಚ್ ಪೌರತ್ವವನ್ನೇ ಆರಿಸಿಕೊಂಡಿತು. ಊರು ಕೈಬಿಟ್ಟುಹೋದ ನೋವು ಹುಡುಗನನ್ನು ಸೇನೆಯ ಕಡೆಗೆ ಎಳೆಯಿತು. 1878ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಪಾಲಿಟೆಕ್ನಿಕ್ ಸೇರಿದರು. 1889ರಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಆದರು. 1890ರಲ್ಲಿ ಲೂಸಿ ಅವರನ್ನು ಮದುವೆಯಾದರು. ಒಬ್ಬ ಮಗ, ಒಬ್ಬ ಮಗಳು ಹುಟ್ಟಿದರು. 1893ರಲ್ಲಿ ಸೇನೆಯ ಕೇಂದ್ರ ಕಚೇರಿಯಲ್ಲಿ ತರಬೇತಿಗೆ ಜಾಗ ಸಿಕ್ಕಿತು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು.

1894ರಲ್ಲಿ ಪ್ಯಾರಿಸ್ಸಿನ ಜರ್ಮನ್ ರಾಯಭಾರ ಕಚೇರಿಯ ಕಸದಿಂದ ಒಂದು ಹರಿದ ಕಾಗದ ಫ್ರೆಂಚ್ ಗುಪ್ತಚರ ವಿಭಾಗಕ್ಕೆ ಬಂತು. ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಫ್ರಾನ್ಸಿಗಾಗಿ ಕೆಲಸ ಮಾಡುತ್ತಿದ್ದಳು. ಚೂರುಗಳನ್ನು ಜೋಡಿಸಿ ನೋಡಿದಾಗ, ಯಾರೋ ಫ್ರೆಂಚ್ ಅಧಿಕಾರಿ ಸೇನಾ ರಹಸ್ಯಗಳನ್ನು ಮಾರುತ್ತಿರುವುದು ತಿಳಿಯಿತು. ಕಾಗದದಲ್ಲಿ ಸಹಿಯೂ ಇಲ್ಲ, ತಾರೀಕೂ ಇಲ್ಲ. ಕೇಂದ್ರ ಕಚೇರಿಯಲ್ಲಿ ತರಬೇತಿ ಪಡೆದವರ ಪಟ್ಟಿ ನೋಡುತ್ತಾ ಹೋದ ಅಧಿಕಾರಿಗಳ ಕಣ್ಣು ಡ್ರೇಫಸ್ ಹೆಸರಿನ ಮೇಲೆ ನಿಂತಿತು. ಅವರ ಕೈಬರಹ ಸ್ವಲ್ಪ ಹೋಲುತ್ತಿತ್ತು. ಜೊತೆಗೆ ಅವರು ಯಹೂದಿ, ಊರು ಬೇರೆ ಈಗ ಜರ್ಮನಿಯಲ್ಲಿದೆ. ಸಂಶಯಪಡಲು ಇಷ್ಟೇ ಸಾಕಾಯಿತು. ಕೈಬರಹ ಪರೀಕ್ಷಿಸಿದ ತಜ್ಞರಲ್ಲೇ ಒಮ್ಮತ ಇರಲಿಲ್ಲ.

ಅಕ್ಟೋಬರ್ 15ರಂದು ಅವರನ್ನು ಬಂಧಿಸಿದರು. ಡಿಸೆಂಬರಿನಲ್ಲಿ ಸೇನಾ ನ್ಯಾಯಾಲಯದ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಸಾಕ್ಷ್ಯ ಸಾಲದು ಎಂದು ಗೊತ್ತಿದ್ದ ಸೇನಾ ಸಚಿವಾಲಯ, ನ್ಯಾಯಾಧೀಶರಿಗೆ ಗುಟ್ಟಾಗಿ ಒಂದು ಕಡತ ಕಳಿಸಿತು. ಅದನ್ನು ಡ್ರೇಫಸ್ ಅವರಿಗಾಗಲಿ ಅವರ ವಕೀಲರಿಗಾಗಲಿ ತೋರಿಸಲೇ ಇಲ್ಲ. ತನ್ನ ಮೇಲಿನ ಆರೋಪಕ್ಕೆ ಆಧಾರವೇನೆಂದು ನೋಡದೆ ಉತ್ತರ ಕೊಡಲು ಯಾರಿಂದ ಸಾಧ್ಯ? ಏಳು ಮಂದಿ ನ್ಯಾಯಾಧೀಶರೂ ಒಂದೇ ಮಾತಿನಿಂದ ಜೀವಾವಧಿ ಗಡೀಪಾರು ವಿಧಿಸಿದರು.

1895ರ ಜನವರಿ 5ರಂದು ಸೈನಿಕರ ಸಾಲಿನ ಎದುರು ಅವರ ಸಮವಸ್ತ್ರದ ಗುಂಡಿ, ಪಟ್ಟಿಗಳನ್ನು ಕಿತ್ತು, ಕತ್ತಿಯನ್ನು ಮುರಿದರು. ತಾನು ನಿರಪರಾಧಿ ಎಂದು ಅವರು ಕೂಗಿ ಹೇಳುತ್ತಲೇ ಇದ್ದರು. ಹೊರಗೆ ಸೇರಿದ್ದ ಜನ ಅವರ ಧರ್ಮವನ್ನು ಹೆಸರಿಟ್ಟು ನಿಂದಿಸಿದರು. ಆಮೇಲೆ ಅವರನ್ನು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಬಳಿಯ ಡೆವಿಲ್ಸ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಕಾವಲುಗಾರರು ಅವರೊಡನೆ ಮಾತನಾಡುವಂತಿರಲಿಲ್ಲ. 1896ರಲ್ಲಿ ಅವರು ಓಡಿಹೋದರೆಂಬ ಸುಳ್ಳು ಸುದ್ದಿ ಹಬ್ಬಿದಾಗ, ಹಲವು ವಾರ ರಾತ್ರಿ ಹೊತ್ತು ಕಾಲಿಗೆ ಬೇಡಿ ಹಾಕಿ ಮಂಚಕ್ಕೆ ಬಿಗಿದರು. ಹೀಗೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು.

ಇತ್ತ ಲೂಸಿ ಮತ್ತು ಡ್ರೇಫಸ್ ಅವರ ಅಣ್ಣ ಮಾತ್ಯು ಸುಮ್ಮನೆ ಕೂರಲಿಲ್ಲ. ಆದರೆ ಮುಗಿದ ಮೊಕದ್ದಮೆಯನ್ನು ಮತ್ತೆ ತೆರೆಯುವುದು ಸುಲಭವಲ್ಲ. ಫ್ರೆಂಚ್ ಕಾನೂನಿನ ಪ್ರಕಾರ ಅದಕ್ಕೆ ಹಳೆಯ ವಾದ ಸಾಲದು, ಹೊಸ ಸಂಗತಿ ಬೇಕು. ಆ ಸಂಗತಿ ಸೇನೆಯ ಒಳಗೇ ಇತ್ತು. 1896ರಲ್ಲಿ ಗುಪ್ತಚರ ವಿಭಾಗದ ಹೊಸ ಮುಖ್ಯಸ್ಥ ಪಿಕಾರ್ ಅವರು, ಆ ಹರಿದ ಕಾಗದದ ಕೈಬರಹ ಎಸ್ಟರ್‌ಹೇಜಿ ಎಂಬ ಮೇಜರನದು ಎಂದು ಕಂಡುಹಿಡಿದರು. ಪಿಕಾರ್ ಅವರಿಗೂ ಯಹೂದಿಗಳ ಬಗ್ಗೆ ಒಳ್ಳೆಯ ಭಾವನೆ ಇರಲಿಲ್ಲ. ಆದರೂ ಕಣ್ಣೆದುರಿಗಿದ್ದ ಸತ್ಯವನ್ನು ಅವರು ಮುಚ್ಚಿಡಲಿಲ್ಲ. ಮೇಲಧಿಕಾರಿಗಳು ಅವರನ್ನು ಟುನೀಶಿಯಾಕ್ಕೆ ಕಳಿಸಿಬಿಟ್ಟರು. ಅದೇ ವಿಭಾಗದ ಹೆನ್ರಿ ಎಂಬ ಅಧಿಕಾರಿ ಡ್ರೇಫಸ್ ವಿರುದ್ಧ ಸುಳ್ಳು ಪತ್ರವೊಂದನ್ನು ಸೃಷ್ಟಿಸಿ ಕಡತಕ್ಕೆ ಸೇರಿಸಿದ.

1898ರ ಜನವರಿ 11ರಂದು ಸೇನಾ ನ್ಯಾಯಾಲಯ ಎಸ್ಟರ್‌ಹೇಜಿಯನ್ನು ಬಿಡುಗಡೆ ಮಾಡಿತು. ಎರಡೇ ದಿನಗಳಲ್ಲಿ ಕಾದಂಬರಿಕಾರ ಎಮಿಲಿ ಜೋಲಾ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು, ತಪ್ಪಿತಸ್ಥ ಅಧಿಕಾರಿಗಳ ಹೆಸರುಗಳನ್ನೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕಾಗಿ ಅವರಿಗೆ ಒಂದು ವರ್ಷದ ಶಿಕ್ಷೆಯಾಗಿ, ಇಂಗ್ಲೆಂಡಿಗೆ ಹೋಗಬೇಕಾಯಿತು. ಇಡೀ ಫ್ರಾನ್ಸ್ ಎರಡು ಪಾಲಾಯಿತು. ಆಗಸ್ಟಿನಲ್ಲಿ ಹೆನ್ರಿಯ ಪತ್ರವನ್ನು ದೀಪದ ಬೆಳಕಿನಲ್ಲಿ ಪರೀಕ್ಷಿಸಿದ ಅಧಿಕಾರಿಯೊಬ್ಬರಿಗೆ, ಎರಡು ಬೇರೆ ಕಾಗದಗಳನ್ನು ಅಂಟಿಸಿರುವುದು ಕಂಡಿತು. ಗೆರೆಗಳ ಬಣ್ಣವೇ ಬೇರೆಬೇರೆ ಇತ್ತು. ಹೆನ್ರಿ ತಪ್ಪೊಪ್ಪಿಕೊಂಡು, ಮರುದಿನ ಜೈಲಿನಲ್ಲಿ ಪ್ರಾಣ ಕಳೆದುಕೊಂಡ. ಬೇಕಿದ್ದ ಹೊಸ ಸಂಗತಿ ಸಿಕ್ಕಿತು. ಲೂಸಿ ಮರುಪರಿಶೀಲನೆಗೆ ಅರ್ಜಿ ಹಾಕಿದರು. 1899ರ ಜೂನ್ 3ರಂದು ಫ್ರಾನ್ಸಿನ ಉಚ್ಚ ನ್ಯಾಯಾಲಯ ಹಳೆಯ ತೀರ್ಪನ್ನು ರದ್ದುಮಾಡಿತು.

ಆದರೆ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ರೆನ್ ನಗರದಲ್ಲಿ ನಡೆದ ಎರಡನೇ ಸೇನಾ ವಿಚಾರಣೆಯಲ್ಲಿ ಐದು ಮಂದಿ ವಿರುದ್ಧ, ಇಬ್ಬರು ಪರ ನಿಂತರು. ಮತ್ತೆ ಅಪರಾಧಿ, ಹತ್ತು ವರ್ಷ ಶಿಕ್ಷೆ. ಹತ್ತು ದಿನಗಳ ನಂತರ ರಾಷ್ಟ್ರಾಧ್ಯಕ್ಷ ಲೂಬೆ ಕ್ಷಮಾದಾನ ನೀಡಿದರು. ಆರೋಗ್ಯ ಪೂರ್ತಿ ಕೆಟ್ಟಿದ್ದ ಡ್ರೇಫಸ್ ಅದನ್ನು ಒಪ್ಪಿಕೊಂಡು ಮನೆಗೆ ಬಂದರು. ಇದಕ್ಕಾಗಿ ಅವರ ಪರ ಹೋರಾಡಿದ ಕೆಲವರೇ ಬೇಸರಪಟ್ಟರು. ನಮ್ಮ ಮನೆಯಲ್ಲಿ ಆಡುವ ಉರ್ದುವಿನಲ್ಲಿ ಮಾಫಿ ಬೇರೆ, ಇನ್ಸಾಫ್ ಬೇರೆ. ಮಾಫಿ ಸಿಗುವುದು ತಪ್ಪು ಮಾಡಿದವನಿಗೆ. ಡ್ರೇಫಸ್ ಅವರಿಗೆ ಬೇಕಾಗಿದ್ದು ಇನ್ಸಾಫ್. ಆದ್ದರಿಂದ ಮನೆಗೆ ಬಂದ ಮೇಲೂ ಅವರು ಬಿಡಲಿಲ್ಲ. 1903ರಲ್ಲಿ ಮತ್ತೆ ಅರ್ಜಿ ಸಲ್ಲಿಸಿದರು. ಪ್ರತಿಯೊಂದು ದಾಖಲೆಯನ್ನೂ ಮತ್ತೆ ಪರೀಕ್ಷಿಸಿದ ಉಚ್ಚ ನ್ಯಾಯಾಲಯ, 1906ರ ಜುಲೈ 12ರಂದು ಅವರು ನಿರ್ದೋಷಿ ಎಂದು ಘೋಷಿಸಿತು.

ಸೇನೆ ಅವರನ್ನು ಮೇಜರ್ ಆಗಿ ಮರಳಿ ಸೇರಿಸಿಕೊಂಡು, ಲೀಜನ್ ಆಫ್ ಆನರ್ ನೀಡಿ ಗೌರವಿಸಿತು. ಆದರೆ ಸೆರೆಯಲ್ಲಿ ಕಳೆದ ವರ್ಷಗಳನ್ನು ಬಡ್ತಿಗೆ ಲೆಕ್ಕ ಹಿಡಿಯಲಿಲ್ಲ. 1907ರಲ್ಲಿ ಅವರು ನಿವೃತ್ತರಾದರು. 1908ರಲ್ಲಿ ಜೋಲಾ ಗೌರವದ ಸಮಾರಂಭದಲ್ಲಿ ಒಬ್ಬ ಅವರ ಮೇಲೆ ಗುಂಡು ಹಾರಿಸಿದ, ತೋಳಿಗೆ ಗಾಯವಾಯಿತು. ಆ ಮನುಷ್ಯನನ್ನೂ ನ್ಯಾಯಾಲಯ ಬಿಟ್ಟುಬಿಟ್ಟಿತು. ಇಷ್ಟಾದರೂ 1914ರಲ್ಲಿ ಮಹಾಯುದ್ಧ ಶುರುವಾದಾಗ, ಐವತ್ತು ದಾಟಿದ ಡ್ರೇಫಸ್ ಅದೇ ಸೇನೆಗೆ ಮತ್ತೆ ಹೋಗಿ ಸೇವೆ ಸಲ್ಲಿಸಿದರು. 1935ರ ಜುಲೈ 12ರಂದು, ತೀರ್ಪು ಬಂದ ದಿನಕ್ಕೆ ಸರಿಯಾಗಿ 29 ವರ್ಷ ತುಂಬಿದಾಗ, ಪ್ಯಾರಿಸ್ಸಿನಲ್ಲಿ ನಿಧನರಾದರು.

ಲೆಕ್ಕ ಬರೆದವನೇ ಲೆಕ್ಕ ತಪಾಸಣೆ ಮಾಡಬಾರದು ಎಂದು ನಮಗೆ ಅಕೌಂಟೆನ್ಸಿ ತರಗತಿಯಲ್ಲಿ ಹೇಳಿಕೊಡುತ್ತಾರೆ. ಡ್ರೇಫಸ್ ವಿಷಯದಲ್ಲಿ ಆರೋಪ ಹೊರಿಸಿದವರ ಕೈಯಲ್ಲೇ ಕಡತವಿತ್ತು, ತೀರ್ಪು ಕೊಟ್ಟವರೂ ಅವರ ಕೈಕೆಳಗಿನವರೇ. ಹೊರಗಿನವರ ಕೈಗೆ ಕಾಗದ ಬಂದಾಗ ಮಾತ್ರ ಸತ್ಯ ಗೊತ್ತಾಯಿತು. ಒಬ್ಬ ಮನುಷ್ಯನ ಹೆಸರು, ಊರು, ಧರ್ಮ ನೋಡಿ ಮೊದಲೇ ತೀರ್ಮಾನಕ್ಕೆ ಬಂದರೆ ಸಾಕ್ಷ್ಯವನ್ನು ಆಮೇಲೆ ಹೊಂದಿಸುವುದು ಕಷ್ಟವಲ್ಲ. ಮುಂದೆ ನಮ್ಮಲ್ಲಿ ಕೆಲವರು ಆಡಿಟರ್ ಆಗಬಹುದು, ಕೆಲವರು ವಕೀಲರಾಗಬಹುದು. ಒಂದು ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳೋಣ.