ಪಂಜೆ ಮಂಗೇಶರಾಯರು: ಶಾಲೆಯ ಕೋಣೆಗೆ ಬಂದ ಕೋಟಿ ಚೆನ್ನಯರು

ಆಧುನಿಕ ಕನ್ನಡ ಸಾಹಿತ್ಯದ ಚರಿತ್ರೆಗಳಲ್ಲಿ ಪಂಜೆ ಮಂಗೇಶರಾಯರಿಗೆ (1874–1937) ಎರಡು ಸ್ಥಾನಗಳು ಖಚಿತವಾಗಿ ಮೀಸಲಾಗಿವೆ. ಒಂದು, ಕನ್ನಡ ಸಣ್ಣಕತೆಯ ಆರಂಭಕಾರರಲ್ಲಿ ಒಬ್ಬರೆಂಬುದು. ಇನ್ನೊಂದು, ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಮಕ್ಕಳ ಪದ್ಯಗಳನ್ನು ಬರೆದವರೆಂಬುದು. ಅವರ ದುಡಿಮೆಯ ವರ್ಷಗಳ ಬಹುಭಾಗ ಶಾಲೆಗಳಲ್ಲಿ, ಶಾಲೆಗಳ ತಪಾಸಣೆಯಲ್ಲಿ ಕಳೆಯಿತೆಂಬ ಸಂಗತಿಯನ್ನು ಮಾತ್ರ ಚರಿತ್ರೆಕಾರರು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಆ ವೃತ್ತಿಯನ್ನು ಬದಿಗಿಟ್ಟರೆ ಪಂಜೆಯವರ ಬರವಣಿಗೆಯ ಒಂದು ಮುಖ್ಯ ಎಳೆ ಕೈತಪ್ಪುತ್ತದೆ. ಮನೆಯ ಮಾತು ಒಂದು, ಶಾಲೆಯ ಮಾತು ಮತ್ತೊಂದು ಆಗಿರುವ ಸೀಮೆಯ ಮಗುವಿಗೆ ಕನ್ನಡದ ಪುಸ್ತಕವನ್ನು ಅದರದೇ ಪುಸ್ತಕವನ್ನಾಗಿ ಮಾಡುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಜೀವನದುದ್ದಕ್ಕೂ ಬಿಡಲಿಲ್ಲವೆಂದು ತೋರುತ್ತದೆ. ಕಿರುಕಾದಂಬರಿ ಎನ್ನಬಹುದಾದ ‘ಕೋಟಿ ಚೆನ್ನಯ’ ಆ ಪ್ರಶ್ನೆಗೆ ಅವರು ಕೊಟ್ಟ ಅತ್ಯಂತ ಗಟ್ಟಿಯಾದ ಉತ್ತರ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ನದಿಯ ದಂಡೆಯ ಬಂಟವಾಳದಲ್ಲಿ. ಕುಟುಂಬದ ಮೂಲ ಸುಬ್ರಹ್ಮಣ್ಯದ ಸಮೀಪದ ಪಂಜ ಎಂಬ ಹಳ್ಳಿ. ಮನೆತನದ ಹೆಸರು ಬಂದದ್ದು ಅಲ್ಲಿಂದಲೇ. ಈ ಊರಿನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದು ಕಥೆಯೊಳಗೇ ಬರುತ್ತದೆ. ಮನೆಯಲ್ಲಿ ಕೊಂಕಣಿ, ಪೇಟೆಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೇಲಿನ ತರಗತಿಗಳಲ್ಲಿ ಇಂಗ್ಲಿಷ್: ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆದ ಬಾಲಕನಿಗೆ ಕನ್ನಡವು ಹುಟ್ಟಿನಿಂದ ಬಂದ ಭಾಷೆಯಾಗಿರದೆ ಕಲಿತು ಒಲಿಸಿಕೊಂಡ ಭಾಷೆಯಾಗಿತ್ತು. ಬಡತನದ ನಡುವೆಯೇ ಓದು ಸಾಗಿತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದ ಮೇಲೆ ಅವರು ಬಿ.ಎ. ಪದವಿಯನ್ನೂ, ಮದರಾಸಿನ ಸೈದಾಪೇಟೆಯ ಶಿಕ್ಷಕರ ಕಾಲೇಜಿನಿಂದ ಎಲ್.ಟಿ. ಪದವಿಯನ್ನೂ ಪಡೆದರು.

ಬಂಧುಗಳಾದ ಬೆನಗಲ್ ರಾಮರಾಯರು ಮಂಗಳೂರಿನಿಂದ ಹೊರಡಿಸುತ್ತಿದ್ದ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರ ಸುಮಾರಿಗೆ ಅವರ ಕತೆಗಳು ಪ್ರಕಟವಾಗತೊಡಗಿದವು. ಸಣ್ಣಕತೆಯ ಉಗಮದ ಚರ್ಚೆಯಲ್ಲಿ ಹೆಚ್ಚಾಗಿ ಪ್ರಸ್ತಾಪವಾಗುವುದು ‘ನನ್ನ ಚಿಕ್ಕ ತಾಯಿ’ಯಂತಹ ಹಾಸ್ಯಕತೆಗಳೇ. ಅದೇ ಕೈ ‘ದುರ್ಗಾವತಿ’, ‘ವೀರಮತಿ’ಯಂತಹ ಐತಿಹಾಸಿಕ ಕತೆಗಳನ್ನೂ ಬರೆಯಿತು. ಅವುಗಳ ಶೈಲಿ ಸಂಸ್ಕೃತಭೂಯಿಷ್ಠವಾಗಿದ್ದು ಇಂದಿನ ಓದಿಗೆ ಭಾರವೆನಿಸುತ್ತದೆ. ಚರಿತ್ರೆಯನ್ನು ಕತೆಯಾಗಿ ಹೇಳುವ ಹಂಬಲ ಅವರಿಗೆ ಮೊದಲಿನಿಂದಲೂ ಇತ್ತೆಂಬುದಕ್ಕೆ ಅವು ಸಾಕ್ಷಿಯಾಗಿವೆ, ಅಷ್ಟೆ.

ನಂತರ ಅವರು ಶಾಲಾ ಇನ್‌ಸ್ಪೆಕ್ಟರರಾದರು. ವಸಾಹತುಶಾಹಿಯ ವಿದ್ಯಾ ಇಲಾಖೆಯಲ್ಲಿ ಇನ್‌ಸ್ಪೆಕ್ಟರನೆಂದರೆ ಹಳ್ಳಿಯ ಮಾಸ್ತರರಿಗೆ ಭಯದ ವ್ಯಕ್ತಿ. ಶಾಲೆಗೆ ದೊರೆಯುವ ಗ್ರಾಂಟು ಅವನ ವರದಿಯನ್ನು ಅವಲಂಬಿಸಿತ್ತು. ಆದರೆ ಈ ಇನ್‌ಸ್ಪೆಕ್ಟರರು ತರಗತಿಯಲ್ಲಿ ನಿಂತು ಕತೆ ಹೇಳಿದರು, ಪದ್ಯಗಳನ್ನು ಹಾಡಿ ಅಭಿನಯಿಸಿದರು. ‘ಹಾವಿನ ಹಾಡು’, ‘ನಾಗಣ್ಣನ ಕನ್ನಡಕ’, ‘ತೆಂಕಣ ಗಾಳಿಯಾಟ’ಗಳನ್ನು ಪುಸ್ತಕದ ಪುಟದ ಮೇಲೆ ಮಾತ್ರ ಓದಿದವರಿಗೆ ಅವುಗಳ ಅರ್ಧಾಂಶವಷ್ಟೇ ತಿಳಿಯುತ್ತದೆ, ಅವು ಕೈಕಾಲು ಆಡಿಸಿ ಹೇಳುವುದಕ್ಕಾಗಿ ಹುಟ್ಟಿದ ರಚನೆಗಳು. ಕಡಲತೀರದ ಮಳೆಗಾಲವನ್ನು ಕಂಡ ಮಗುವಿಗೆ ತೆಂಕಣ ಗಾಳಿಯ ಪದ್ಯ ಭಾಷಾಪಾಠವೂ ಹೌದು, ಭೂಗೋಲದ ಪಾಠವೂ ಹೌದು. ಬಾಸೆಲ್ ಮಿಶನ್ ಪ್ರಕಟಿಸಿದ ಕನ್ನಡ ಪದ್ಯ ಪುಸ್ತಕಗಳನ್ನು ಸಂಕಲಿಸಿದವರೂ ಕಿಟೆಲ್ ಸಂಪಾದಿತ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿದವರೂ ಒಬ್ಬರೇ ಎಂಬುದು ಗಮನಾರ್ಹ. ಕೇಶಿರಾಜನನ್ನು ಬಲ್ಲ ವಿದ್ವಾಂಸ ಮೂರನೆಯ ತರಗತಿಯ ಮಗುವಿನ ನಾಲಗೆಗೆ ಹೊಂದುವ ಪದವನ್ನು ಹುಡುಕಿದುದು ಕನ್ನಡದ ಭಾಗ್ಯ.

ಈಗ ‘ಕೋಟಿ ಚೆನ್ನಯ’ಕ್ಕೆ ಬರಬಹುದು. ಪಡುಮಲೆಯ ಬಲ್ಲಾಳನ ಕಾಲಿನ ಗಾಯವನ್ನು ತನ್ನ ಮದ್ದಿನಿಂದ ಗುಣಪಡಿಸಿದ ಬಿಲ್ಲವ ಹೆಣ್ಣು ದೇಯಿ ಬೈದೆತಿ. ಆಕೆಯ ಅವಳಿ ಮಕ್ಕಳು ಕೋಟಿ ಮತ್ತು ಚೆನ್ನಯ. ಆಟದ ಜಗಳದಿಂದ ಆರಂಭವಾಗಿ ಗದ್ದೆಯ ನೀರಿನ ತಕರಾರಿಗೆ ಬೆಳೆದ ವೈರ ಬುದ್ಯಂತನ ಕೊಲೆಯಲ್ಲಿ ಕೊನೆಗಾಣುತ್ತದೆ. ನ್ಯಾಯ ದೊರೆಯದ ಅಣ್ಣತಮ್ಮಂದಿರು ಪಡುಮಲೆಯನ್ನು ಬಿಟ್ಟು ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಹೋಗುತ್ತಾರೆ. ಬೇಟೆಯ ಹಂದಿ ಯಾರದೆಂಬ ವಿವಾದ ಎರಡು ಸೀಮೆಗಳ ಯುದ್ಧಕ್ಕೆ ಎಡೆಮಾಡುತ್ತದೆ. ಯುದ್ಧದಲ್ಲಿ ಕೋಟಿ ಮಡಿಯುತ್ತಾನೆ, ಚೆನ್ನಯ ಅವನ ಹಿಂದೆಯೇ ಪ್ರಾಣ ಬಿಡುತ್ತಾನೆ. ತುಳುನಾಡಿನ ಗರಡಿಗಳಲ್ಲಿ ಇಂದಿಗೂ ಬೈದೆರುಗಳಾಗಿ ಆರಾಧನೆಗೊಳ್ಳುವ ವೀರರ ಈ ಕಥೆ ಶತಮಾನಗಳಿಂದ ಉಳಿದುಬಂದದ್ದು ಪಾಡ್ದನಗಳಲ್ಲಿ.

ಪಂಜೆಯವರ ಮೊದಲೇ ಪಾಡ್ದನಗಳು ಕಾಗದಕ್ಕೆ ಇಳಿದಿದ್ದವು. ಬಾಸೆಲ್ ಮಿಶನ್ನಿನ ಮ್ಯಾನರ್ ಅವರ ಪಾಡ್ದನ ಸಂಗ್ರಹ 1886ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅಧಿಕಾರಿ–ವಿದ್ವಾಂಸ ಬರ್ನೆಲ್ ಅವರ ಸಂಗ್ರಹ ಅವರ ಮರಣಾನಂತರ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟವಾಯಿತು. ಅಲ್ಲಿನ ತಲೆಬರಹ ಇಡೀ ಪರಂಪರೆಯನ್ನು ತುಳುವರ ದೆವ್ವಪೂಜೆ ಎಂದು ಕರೆಯಿತು. ವಸಾಹತು ಜ್ಞಾನವ್ಯವಸ್ಥೆಗೆ ಕೋಟಿ ಚೆನ್ನಯರು ಜನಾಂಗ ಅಧ್ಯಯನದ ಒಂದು ಮಾದರಿ ಮಾತ್ರ. ಅದೇ ವ್ಯವಸ್ಥೆಯ ಸಂಬಳ ಪಡೆಯುತ್ತಿದ್ದ ಪಂಜೆಯವರು ಆ ಕಥೆಯನ್ನು ದೆವ್ವದ ಕಪಾಟಿನಿಂದ ತೆಗೆದು ಚರಿತ್ರೆಯ ಕಪಾಟಿನಲ್ಲಿಟ್ಟರು. ಅರಸನ ಮಗನಲ್ಲದ, ಮೇಲುಜಾತಿಯವನಲ್ಲದ ವೀರನೊಬ್ಬ ತನಗಾದ ಅನ್ಯಾಯಕ್ಕೆ ಉತ್ತರ ಕೇಳುವ ಕಥೆಯನ್ನು ಶಿಷ್ಟಗನ್ನಡದ ಗದ್ಯದಲ್ಲಿ ಎಳೆಯರ ಓದಿಗೆ ತಂದರು.

ಇದರಲ್ಲಿ ನಷ್ಟವೂ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. ಪಾಡ್ದನ ಹಾಡುವವರ ಪಾಲಿಗೆ ಕೋಟಿ ಚೆನ್ನಯರು ಕಥಾನಾಯಕರಲ್ಲ, ದೈವಗಳು. ನೇಮದ ರಾತ್ರಿಯಿಂದ ಬೇರ್ಪಟ್ಟು ಪುಸ್ತಕಕ್ಕೆ ಬಂದಾಗ ಅವರು ಹಗಲಿನ ವೀರರಷ್ಟೇ ಆಗುತ್ತಾರೆ. ತುಳುವಿನ ಲಯ ಕನ್ನಡ ಗದ್ಯದಲ್ಲಿ ಕರಗಿಹೋಗುತ್ತದೆ. ಆದರೂ ಗದ್ದೆಯ ಬದುವಿನಲ್ಲಿ ಪಾಡ್ದನ ಕೇಳಿ ಬೆಳೆದ ಮಗುವೊಂದು ಶಾಲೆಯ ಕನ್ನಡ ಪುಸ್ತಕದಲ್ಲಿ ಅದೇ ಹೆಸರುಗಳನ್ನು ಕಂಡಾಗ ಆಗುವ ಲಾಭ ಈ ನಷ್ಟಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ಅಂತಹ ಮಗುವಿನ ಮಟ್ಟಿಗೆ ಕನ್ನಡ ಮೊದಲ ಬಾರಿಗೆ ತನ್ನ ಊರನ್ನು ಬಲ್ಲ ಭಾಷೆಯಾಗುತ್ತದೆ. ಬರೆದವರ ಪೂರ್ವಿಕರ ಹಳ್ಳಿ ಪಂಜವೂ ಆ ಹೆಸರುಗಳಲ್ಲಿ ಒಂದು.

ಪ್ರಾಥಮಿಕ ಶಾಲೆಯ ದೃಷ್ಟಿಯಿಂದ ಈ ಕಥನದ ವಿಶೇಷವೆಂದರೆ ಅದು ಭಾಷೆಯ ಗಂಟೆಯೊಳಗೆ ನಿಲ್ಲುವುದಿಲ್ಲ. ಪಡುಮಲೆಯಿಂದ ಪಂಜ, ಪಂಜದಿಂದ ಎಣ್ಮೂರು: ಈ ಪಯಣವನ್ನು ನೆಲದ ಮೇಲೆ ಗೆರೆ ಎಳೆದು ತೋರಿಸಿದರೆ ಪುತ್ತೂರು–ಸುಳ್ಯ ಸೀಮೆಯ ಭೂಗೋಲವಾಯಿತು. ಎರಡು ಗದ್ದೆಗಳಿಗೆ ಒಂದೇ ನೀರು ಹರಿಯಬೇಕಾದರೆ ಯಾರಿಗೆ ಎಷ್ಟು, ಯಾರಿಗೆ ಮೊದಲು ಎಂಬುದು ಗಣಿತದ ಲೆಕ್ಕ. ಹಾಗೆ ಹಂಚದಿದ್ದರೆ ದೂರನ್ನು ಯಾರಲ್ಲಿ ಒಯ್ಯಬೇಕು ಎಂಬುದು ಪೌರನೀತಿ. ದೇಯಿಯ ಮದ್ದಿನ ಸೊಪ್ಪುಗಳು ಪ್ರಕೃತಿಪಾಠ. ಪಾಡ್ದನ ಸಂಗೀತದ ಗಂಟೆಗೆ ಸಿದ್ಧವಾಗಿಯೇ ಇದೆ. ಪಂಜೆಯವರು ಇಂತಹ ಪಾಠಯೋಜನೆಯನ್ನು ಬರೆದಿಟ್ಟರೆಂದು ನಾನು ಹೇಳುತ್ತಿಲ್ಲ. ಹಾಡು, ಅಭಿನಯ, ನಿಸರ್ಗ, ಕಥೆ ಇವುಗಳನ್ನು ಬೇರ್ಪಡಿಸದ ಅವರ ಬೋಧನಾಕ್ರಮವನ್ನು ಈ ಪುಸ್ತಕಕ್ಕೆ ಅನ್ವಯಿಸಿದರೆ ದೊರೆಯುವುದು ಇದು.

ಕರಾವಳಿಯ ಈ ವೃತ್ತಾಂತ ರಾಜ್ಯದ ಉತ್ತರದ ಅಂಚಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದವನ್ನೇ ತೆಗೆದುಕೊಳ್ಳಿ. ಕೃಷ್ಣೆಯ ದಂಡೆ, ಕಬ್ಬಿನ ಗದ್ದೆಗಳು, 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ, ಮೀರಜಿನತ್ತ ಹೋಗುವ ರೈಲು. ಇಲ್ಲಿ ಮರಾಠಿ ಮನೆಮಾತಿನ ಮಗು ಕನ್ನಡ ಶಾಲೆಯಲ್ಲಿ ಕುಳಿತಿರುವುದು ಅಪರೂಪವೇನಲ್ಲ. ಬಂಟವಾಳದ ಕೊಂಕಣಿ ಬಾಲಕನ ಸ್ಥಿತಿ ಬೇರೆ ರೂಪದಲ್ಲಿ ಇದೇ ಆಗಿತ್ತು. ಗಡಿಯಾಚೆ ಮಹಾರಾಷ್ಟ್ರದ ನಾಲ್ಕನೆಯ ತರಗತಿಯಲ್ಲಿ ಶಿವಾಜಿಯ ಚರಿತ್ರೆಯೊಂದನ್ನೇ ವರ್ಷವಿಡೀ ಇತಿಹಾಸವಾಗಿ ಕಲಿಸುವ ಪದ್ಧತಿ ದಶಕಗಳ ಕಾಲ ನಡೆದುಬಂದಿದೆ. ಕತೆಯೊಂದು ಮಗುವಿನ ಮನಸ್ಸಿನಲ್ಲಿ ನೆಲೆಸುವ ಬಗೆಯನ್ನು ಆ ಪದ್ಧತಿ ಅರಿತಿದೆ. ಬೆಳಗಾವಿ ಜಿಲ್ಲೆಗೆ ಕೊರತೆಯೇನಿಲ್ಲ: 1824ರ ಕಿತ್ತೂರು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಲಾವಣಿಗಳಲ್ಲಿ, ಗೀಗೀ ಪದಗಳಲ್ಲಿ ಜೀವಂತವಾಗಿದ್ದಾರೆ. ಪಾಡ್ದನ ಪಂಜೆಯವರಿಗೆ ಏನಾಗಿತ್ತೋ ಈ ಸೀಮೆಯ ಮಾಸ್ತರನಿಗೆ ಲಾವಣಿ ಅದೇ ಆಗಬಲ್ಲದು. ರಾಯಣ್ಣನ ದಂಗೆಯ ಹಿಂದೆ ಭೂಮಿಯೂ ಕಂದಾಯವೂ ಇದ್ದವು. ಪಡುಮಲೆಯ ನೀರಿನಷ್ಟೇ ಚೊಕ್ಕವಾದ ಲೆಕ್ಕ ಅಲ್ಲಿಯೂ ಇದೆ.

ಪಂಜೆಯವರಲ್ಲಿ ಇದು ಒಮ್ಮೆ ನಡೆದುಹೋದ ಆಕಸ್ಮಿಕವಲ್ಲ ಎಂಬುದಕ್ಕೆ ಕೊಡಗಿನ ವರ್ಷಗಳು ಆಧಾರ. ಅಲ್ಲಿ ಶಾಲಾ ಇನ್‌ಸ್ಪೆಕ್ಟರರಾಗಿಯೂ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿಯೂ ದುಡಿದ ಅವರ ಎದುರು ಕುಳಿತವರಲ್ಲಿ ಕೊಡವ ತಕ್ಕ್ ಮನೆಮಾತಿನ ಮಕ್ಕಳಿದ್ದರು. ಅವರಿಗಾಗಿ ಅವರು ಕರಾವಳಿಯ ಕತೆಯನ್ನು ಹೊತ್ತುಕೊಂಡು ಹೋಗಲಿಲ್ಲ. ಕೊಡಗಿನ ಬೆಟ್ಟ, ಕಾವೇರಿ, ಸುಗ್ಗಿಯ ಹಬ್ಬ, ಅಲ್ಲಿನವರ ಶೌರ್ಯದ ನೆನಪುಗಳನ್ನು ಕೂಡಿಸಿ ‘ಹುತ್ತರಿಯ ಹಾಡು’ ಬರೆದರು. ಪರಊರಿನ ಅಧಿಕಾರಿಯೊಬ್ಬರು ಬೇರೊಂದು ಭಾಷೆಯಲ್ಲಿ ಬರೆದ ಪದ್ಯವನ್ನು ಕೊಡಗು ತನ್ನದೆಂದು ಒಪ್ಪಿಕೊಂಡಿತು.

ಮಂಗಳೂರಿನಲ್ಲಿ ಗೆಳೆಯರೊಡನೆ ಕಟ್ಟಿದ ಬಾಲಸಾಹಿತ್ಯ ಮಂಡಲದ ಮೂಲಕ ಮಕ್ಕಳ ಪುಸ್ತಕಗಳನ್ನು ಹೊರತರುವ ಕೆಲಸವನ್ನೂ ಅವರು ಮಾಡಿದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆಯಿತು. ಆಗ ರಾಯಚೂರು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದಲ್ಲಿಯೂ ಮೇಲಿನ ಶಿಕ್ಷಣದಲ್ಲಿಯೂ ಉರ್ದುವಿನದೇ ಪ್ರಾಬಲ್ಯ. ಅಂದರೆ ಇಲ್ಲಿ ಸಮಸ್ಯೆ ತಿರುವುಮುರುವಾಗಿತ್ತು: ಕನ್ನಡ ಮನೆಯಲ್ಲಿತ್ತು, ಮುಂದಿನ ಓದಿನಲ್ಲಿ ಇರಲಿಲ್ಲ. ಮೂರು ಸೀಮೆಗಳಲ್ಲಿ ಕನ್ನಡದ ಮೂರು ಬಗೆಯ ಸ್ಥಿತಿಯನ್ನು ಇಷ್ಟು ಹತ್ತಿರದಿಂದ ಕಂಡ ಲೇಖಕರು ಆ ಕಾಲದಲ್ಲಿ ವಿರಳ.

1937ರ ಅಕ್ಟೋಬರಿನಲ್ಲಿ ಪಂಜೆಯವರು ಹೈದರಾಬಾದಿನಲ್ಲಿ ತೀರಿಕೊಂಡರು. ಪತ್ರಿಕೆಗಳಲ್ಲಿ, ಪಾಠಪುಸ್ತಕಗಳಲ್ಲಿ, ಹಲವು ಗುಪ್ತನಾಮಗಳ ಹಿಂದೆ ಚದುರಿಹೋಗಿದ್ದ ಅವರ ಬರಹಗಳನ್ನು ಒಟ್ಟುಗೂಡಿಸುವ ಕೆಲಸ 1970ರ ದಶಕದಲ್ಲಿ ನಡೆಯಿತು. ಓರಿಯಂಟ್ ಲಾಂಗ್‌ಮನ್ ಸಂಸ್ಥೆ ಅವರ ಕೃತಿಗಳನ್ನು ಸಂಪುಟಗಳಾಗಿ ಹೊರತಂದಿತು. ಅದೇ ದಶಕದಲ್ಲಿ, 1973ರಲ್ಲಿ, ಕೋಟಿ ಚೆನ್ನಯರ ಕಥೆ ತುಳು ಚಲನಚಿತ್ರವಾಗಿ ತಾನು ಹೊರಟುಬಂದ ಭಾಷೆಗೇ ಮರಳಿತು.