ಇಮಾಮ್ ಗಝಾಲಿಯವರ(ರ) ನಾಲಗೆ ಕಟ್ಟಿದ ದಿನಗಳು

ಹಿಜರಿ 488, ಅಂದರೆ ಕ್ರಿ.ಶ. 1095. ಬಗ್ದಾದಿನ ನಿಝಾಮಿಯ್ಯ ಮದ್ರಸದಲ್ಲಿ ವಿದ್ಯಾರ್ಥಿಗಳು ಪಾಠಕ್ಕಾಗಿ ಕಾದು ಕುಳಿತಿದ್ದರು. ದೂರದೂರದಿಂದ ಬಂದ ಅವರನ್ನು ನಿರಾಶೆಗೊಳಿಸಬಾರದು, ಒಂದು ದಿನದ ಮಟ್ಟಿಗಾದರೂ ಪಾಠ ಹೇಳಿಬಿಡೋಣ ಎಂದು ಗುರುಗಳ ಮನಸ್ಸು ಹಾತೊರೆಯುತ್ತಿತ್ತು. ಆದರೆ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ವಾದದಲ್ಲಿ ಎದುರಾಳಿಯೇ ಇಲ್ಲವೆಂದು ಹೆಸರಾಗಿದ್ದ ನಾಲಗೆಗೆ ಬೀಗ ಬಿದ್ದಿತ್ತು.

ಆ ಗುರುಗಳು ಹುಜ್ಜತುಲ್ ಇಸ್ಲಾಮ್ ಎಂದು ಮುಸ್ಲಿಮ್ ಜಗತ್ತು ಗೌರವದಿಂದ ಕರೆಯುವ ಇಮಾಮ್ ಅಬೂ ಹಾಮಿದ್ ಮುಹಮ್ಮದ್ ಗಝಾಲಿ(ರ). ಅವರ ಇಹ್ಯಾ ಉಲೂಮಿದ್ದೀನ್ ಗ್ರಂಥದ ಹೆಸರನ್ನು ನಾವೆಲ್ಲ ಉಪನ್ಯಾಸಗಳಲ್ಲಿ ಕೇಳಿದ್ದೇವೆ. ಆದರೆ ಅವರು ಒಮ್ಮೆ ಮಾತು ನಿಂತು, ತುತ್ತು ಇಳಿಯದೆ, ವೈದ್ಯರೂ ಕೈಚೆಲ್ಲಿದ ಸ್ಥಿತಿಯನ್ನು ತಲುಪಿದ್ದರೆಂದು ತಿಳಿದವರು ಕಡಿಮೆ. ಇದು ಅವರ ವಿರೋಧಿಗಳು ಹಬ್ಬಿಸಿದ ಮಾತಲ್ಲ. ಸ್ವತಃ ಅವರೇ ತಮ್ಮ ಕೊನೆಯ ವರ್ಷಗಳಲ್ಲಿ ಅಲ್ ಮುನ್‌ಕಿಝ್ ಮಿನ ದ್ದಲಾಲ್ ಎಂಬ ಚಿಕ್ಕ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

ಹಿಜರಿ 450ರಲ್ಲಿ, ಕ್ರಿ.ಶ. 1058ರ ಸುಮಾರಿಗೆ, ಖುರಾಸಾನಿನ ತೂಸ್‌ನಲ್ಲಿ ಅವರ ಜನನ. ಇಂದಿನ ಇರಾನಿನ ಮಶ್‌ಹದ್ ನಗರದ ಬಳಿ ಇರುವ ಊರು ಅದು. ತಂದೆ ಉಣ್ಣೆ ನೂತು ಮಾರಿ ಸಂಸಾರ ಸಾಗಿಸುತ್ತಿದ್ದ ಬಡವರೆಂದು ಚರಿತ್ರೆಕಾರರು ಹೇಳುತ್ತಾರೆ. ಓದು ಬರಹ ಕಲಿಯಲಿಲ್ಲವೆಂಬ ಕೊರಗು ಆ ತಂದೆಗಿತ್ತು. ಮರಣ ಸಮೀಪಿಸಿದಾಗ ತನ್ನ ಇಬ್ಬರು ಪುಟ್ಟ ಮಕ್ಕಳಾದ ಮುಹಮ್ಮದ್ ಮತ್ತು ಅಹ್ಮದ್‌ರನ್ನು ಒಬ್ಬ ಸೂಫಿ ಮಿತ್ರನ ಕೈಗೊಪ್ಪಿಸಿ, ತನ್ನಲ್ಲಿದ್ದ ಅಲ್ಪ ಹಣವನ್ನೂ ಕೊಟ್ಟು, ಇವರಿಗೆ ವಿದ್ಯೆ ಕಲಿಸಬೇಕೆಂದು ಕೇಳಿಕೊಂಡರು. ಹಣ ಮುಗಿಯಿತು. ಆ ಮಿತ್ರನೂ ಬಡವ. ಮದ್ರಸಕ್ಕೆ ಸೇರಿದರೆ ಊಟವಾದರೂ ಸಿಗುತ್ತದೆಂದು ಆತ ಮಕ್ಕಳಿಬ್ಬರನ್ನೂ ಅಲ್ಲಿಗೆ ಕಳುಹಿಸಿದ. ತಮ್ಮನಾದ ಅಹ್ಮದ್‌ರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅವರು ಮತ್ತೆ ಬರುತ್ತಾರೆ.

ಓದಿನ ವಿವರ ದೀರ್ಘವಾಗಿದೆ. ತೂಸ್, ಜುರ್ಜಾನ್, ಆಮೇಲೆ ನಿಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನಿಯವರ(ರ) ಶಿಷ್ಯತ್ವ. ಗುರುಗಳು 1085ರಲ್ಲಿ ತೀರಿಕೊಂಡ ಬಳಿಕ ಸೆಲ್ಜುಕ್ ಸಾಮ್ರಾಜ್ಯದ ಪ್ರಧಾನ ಮಂತ್ರಿ ನಿಝಾಮುಲ್ ಮುಲ್ಕ್‌ರ ಆಸ್ಥಾನ. 1091ರಲ್ಲಿ, ಇನ್ನೂ ಮೂವತ್ತನಾಲ್ಕು ದಾಟದ ವಯಸ್ಸಿನಲ್ಲಿ, ಬಗ್ದಾದಿನ ನಿಝಾಮಿಯ್ಯದ ಪೀಠವೇ ಅವರದಾಯಿತು. ಮುನ್ನೂರು ವಿದ್ಯಾರ್ಥಿಗಳು. ಖಲೀಫರ ಅರಮನೆಯಲ್ಲೂ ಮನ್ನಣೆ. ಅನಾಥ ಹುಡುಗನೊಬ್ಬ ಇದಕ್ಕಿಂತ ಮೇಲೆ ಏರುವುದು ಅಂದು ಸಾಧ್ಯವಿರಲಿಲ್ಲ.

ಆದರೆ ಒಳಗಿನ ಕಥೆ ಬೇರೆಯೇ ಇತ್ತು. ನಾಲಗೆ ಕಟ್ಟಿದ ಆ ದಿನಗಳಿಗೆ ಮುಂಚೆಯೇ ಒಮ್ಮೆ ಅವರ ಮನಸ್ಸು ತತ್ತರಿಸಿತ್ತು. ಕಣ್ಣು ಕಂಡದ್ದನ್ನು ನಂಬಬಹುದೇ? ನೆರಳು ನಿಂತಂತೆ ಕಾಣುತ್ತದೆ, ಆದರೆ ಚಲಿಸುತ್ತಿರುತ್ತದೆ. ನಕ್ಷತ್ರ ನಾಣ್ಯದಷ್ಟು ಚಿಕ್ಕದಾಗಿ ಕಾಣುತ್ತದೆ, ಆದರೆ ಭೂಮಿಗಿಂತ ದೊಡ್ಡದಿರುತ್ತದೆ. ಕಣ್ಣನ್ನು ಬುದ್ಧಿ ಸುಳ್ಳಾಗಿಸಿದಂತೆ ಬುದ್ಧಿಯನ್ನೂ ಸುಳ್ಳಾಗಿಸುವ ಇನ್ನೊಂದು ಇದ್ದರೆ? ಈ ಪ್ರಶ್ನೆಯ ಸುಳಿಯಲ್ಲಿ ಸುಮಾರು ಎರಡು ತಿಂಗಳು ಅವರಿಗೆ ಯಾವುದರ ಮೇಲೂ ಭರವಸೆ ಉಳಿಯಲಿಲ್ಲ. ಅವರು ಅದನ್ನು ಒಂದು ರೋಗವೆಂದೇ ಕರೆದಿದ್ದಾರೆ. ಬಾಯಲ್ಲಿ ಅವರು ಏನನ್ನೂ ಹೇಳಿಕೊಳ್ಳಲಿಲ್ಲ. ನೋವೆಲ್ಲ ಒಳಗೇ ನಡೆಯಿತು. ಕೊನೆಗೆ ಗುಣವಾದದ್ದು ಯಾವ ವಾದದಿಂದಲೂ ಅಲ್ಲ, ಅಲ್ಲಾಹನು ಎದೆಯಲ್ಲಿ ಹಾಕಿದ ಒಂದು ಬೆಳಕಿನಿಂದ ಎಂದು ಅವರು ಬರೆಯುತ್ತಾರೆ.

ಆ ಬೆಳಕಿನ ನಂತರವೂ ಕತ್ತಲು ಮರಳಿತು. ಒಮ್ಮೆ ಗುಣವಾದವನಿಗೆ ಮತ್ತೆ ಬಂದರೆ ಮೊದಲಿನದೆಲ್ಲ ಸುಳ್ಳಾಗಿತ್ತೇ, ದುಆ ಸ್ವೀಕಾರವಾಗಿರಲಿಲ್ಲವೇ ಎಂದು ಎಷ್ಟೋ ಮಂದಿ ಕಂಗೆಡುತ್ತಾರೆ. ಗಝಾಲಿಯವರು(ರ) ಹಾಗೆ ಬರೆದಿಲ್ಲ. ಮೊದಲನೆಯದನ್ನೂ ಎರಡನೆಯದನ್ನೂ ಒಂದೇ ಗ್ರಂಥದಲ್ಲಿ, ಒಂದರ ನಂತರ ಇನ್ನೊಂದಾಗಿ ದಾಖಲಿಸಿ, ಎರಡೂ ಕಡೆ ಅಲ್ಲಾಹನ ಸಹಾಯವನ್ನೇ ಕಂಡಿದ್ದಾರೆ.

1092ರಲ್ಲಿ ಅವರ ಆಶ್ರಯದಾತ ನಿಝಾಮುಲ್ ಮುಲ್ಕ್‌ರ ಕೊಲೆಯಾಯಿತು. ಕೆಲವೇ ವಾರಗಳಲ್ಲಿ ಸುಲ್ತಾನ್ ಮಲಿಕ್ ಶಾಹ್ ತೀರಿಕೊಂಡ. ಎರಡು ವರ್ಷ ಕಳೆಯುವುದರೊಳಗೆ ಖಲೀಫರೂ ಹೋದರು. ಸಿಂಹಾಸನಕ್ಕಾಗಿ ಹೋರಾಟ ಶುರುವಾಯಿತು. ಇವುಗಳ ನಡುವೆ ಗಝಾಲಿಯವರು(ರ) ಪಾಠ ಹೇಳುತ್ತ, ಗ್ರಂಥ ಬರೆಯುತ್ತ, ಬಿಡುವಿನಲ್ಲಿ ತತ್ವಶಾಸ್ತ್ರ ಓದುತ್ತ, ನಂತರ ಸೂಫಿಗಳ ಗ್ರಂಥಗಳತ್ತ ತಿರುಗಿದರು. ಅಲ್ಲಿ ಅವರಿಗೆ ತಮ್ಮದೇ ಮುಖ ಕಂಡಿತು. ನಾನು ಪಾಠ ಹೇಳುವುದು ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ ಎಂದು ತಮ್ಮನ್ನೇ ಕೇಳಿಕೊಂಡರು. ಬಂದ ಉತ್ತರ ಅವರನ್ನು ನಡುಗಿಸಿತು.

ರಜಬ್ ತಿಂಗಳಿಂದ ತೊಡಗಿ ಸುಮಾರು ಆರು ತಿಂಗಳು ತೂಗುಯ್ಯಾಲೆ. ಬೆಳಿಗ್ಗೆ ಎಲ್ಲವನ್ನೂ ಬಿಟ್ಟು ಹೊರಡುವ ನಿರ್ಧಾರ, ಸಂಜೆಗೆ ಅದು ಕರಗುವುದು. ಒಂದು ಹೆಜ್ಜೆ ಮುಂದೆ, ಇನ್ನೊಂದು ಹಿಂದೆ. ಆಮೇಲೆ ವಿಷಯ ಅವರ ಕೈಮೀರಿತು. ಮಾತು ನಿಂತಿತು. ಮಾತು ನಿಂತದ್ದರಿಂದ ದುಃಖ ಇನ್ನೂ ಆಳಕ್ಕಿಳಿಯಿತು. ದುಃಖದಿಂದ ಜೀರ್ಣಶಕ್ತಿ ಹೋಯಿತು. ಒಂದು ತುತ್ತು ಅನ್ನ, ಒಂದು ಗುಟುಕು ನೀರು ಕೂಡ ಇಳಿಯದಾಯಿತು. ದೇಹ ಸೊರಗಿತು. ವೈದ್ಯರು ಬಂದರು, ಪರೀಕ್ಷಿಸಿದರು, ಮದ್ದು ಮಾಡಿದರು. ಕೊನೆಗೆ ಅವರು ಕಂಡುಕೊಂಡದ್ದು ಇಷ್ಟು: ಇದು ಹೃದಯದಲ್ಲಿ ಹುಟ್ಟಿ ದೇಹದ ಪ್ರಕೃತಿಗೆ ಹಬ್ಬಿದ ರೋಗ, ಒಳಗಿನ ಚಿಂತೆ ಇಳಿಯದೆ ಮದ್ದು ಹತ್ತುವಂತಿಲ್ಲ. ಒಂಬೈನೂರು ವರ್ಷಗಳ ಹಿಂದಿನ ವೈದ್ಯರು ಹೊಟ್ಟೆಯ ರೋಗದ ಬೇರನ್ನು ಮನಸ್ಸಿನಲ್ಲಿ ಹುಡುಕಿದ್ದರೆಂಬುದು ಗಮನಾರ್ಹ.

ಇದಕ್ಕೆ ಇಂದಿನ ವೈದ್ಯರು ಯಾವ ಹೆಸರಿಡುತ್ತಿದ್ದರು? ಅಷ್ಟು ಹಿಂದಿನ ಮಹನೀಯರಿಗೆ ಇಂದು ಕುಳಿತು ರೋಗದ ಹೆಸರು ಹಚ್ಚುವುದು ಸರಿಯಲ್ಲ. ಅವರದು ಆತ್ಮದ ಹೋರಾಟವೂ ಆಗಿತ್ತು. ಆದರೆ ಖಿನ್ನತೆ, ಆತಂಕಗಳಿಂದ ಬಳಲಿದವರು ಈ ಪುಟಗಳನ್ನು ಓದಿದರೆ ತಮ್ಮದೇ ದಿನಗಳ ಗುರುತು ಅಲ್ಲಿ ಸಿಗುತ್ತದೆ.

ಊರಿನ ಜನರು ಏನಂದರು? ಅದನ್ನೂ ಅವರು ಬರೆದಿದ್ದಾರೆ. ಇಷ್ಟು ದೊಡ್ಡ ಹುದ್ದೆಯನ್ನು ಬಿಟ್ಟುಹೋಗಲು ಧಾರ್ಮಿಕ ಕಾರಣವಿರಬಹುದೆಂದು ಇರಾಕಿನ ವಿದ್ವಾಂಸರಿಗೆ ಹೊಳೆಯಲೇ ಇಲ್ಲ. ದೂರದವರು ಆಳುವವರ ಭಯವೆಂದರು. ಆಳುವವರ ಹತ್ತಿರದವರು, ಅವರೇ ಇವರ ಹಿಂದೆ ಬಿದ್ದು ಬೇಡುತ್ತಿರುವುದನ್ನು ಕಂಡು, ಯಾರದೋ ಕಣ್ಣು ತಗಲಿದೆಯೆಂದು ಷರಾ ಬರೆದರು. ನಮ್ಮ ಮನೆಗಳಲ್ಲಿ ಮಗಳು ಕೋಣೆಯಿಂದ ಹೊರಬರದಿದ್ದರೆ, ಮಗ ಕೆಲಸಕ್ಕೆ ಹೋಗದೆ ಮುಸುಕೆಳೆದು ಮಲಗಿದರೆ ಕೇಳಿಬರುವ ಮಾತು ಇಂದಿಗೂ ಹೆಚ್ಚು ಬದಲಾಗಿಲ್ಲ. ಕಣ್ಣು, ಜಿನ್ನು, ಇಲ್ಲವೇ ಈಮಾನಿನ ಕೊರತೆ. ಈ ಮೂರನೆಯ ಮಾತು ರೋಗಿಗೆ ರೋಗಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಗಝಾಲಿಯವರ(ರ) ನಾಲಗೆ ಕಟ್ಟಿದಾಗ ಅವರ ಈಮಾನು ಕಡಿಮೆಯಾಗಿತ್ತೆಂದು ಹೇಳುವ ಧೈರ್ಯ ನಮಗಿದೆಯೇ?

ಅದೇ ಖುರಾಸಾನಿನ ಕಡೆಯ ಇನ್ನೊಬ್ಬ ವಿದ್ವಾಂಸರು ಇದಕ್ಕಿಂತ ಒಂದೂವರೆ ಶತಮಾನದ ಹಿಂದೆಯೇ ಈ ವಿಷಯವನ್ನು ಬಿಡಿಸಿಟ್ಟಿದ್ದರು. ಅವರು ಬಲ್ಖ್‌ನ ಅಬೂ ಝೈದ್ ಬಲ್ಖಿ, 934ರಲ್ಲಿ ನಿಧನರಾದರು. ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಮಸಾಲಿಹುಲ್ ಅಬ್ದಾನಿ ವಲ್ ಅನ್‌ಫುಸ್ ಎಂಬ ಗ್ರಂಥ ಬರೆದರು. ದುಃಖ ಎರಡು ಬಗೆ ಎಂದರು ಅವರು. ಒಂದಕ್ಕೆ ಕಾರಣ ತಿಳಿದಿರುತ್ತದೆ: ಪ್ರೀತಿಪಾತ್ರರ ಮರಣ, ಕೈಬಿಟ್ಟ ಸೊತ್ತು. ಇನ್ನೊಂದಕ್ಕೆ ಕಾರಣವೇ ಕಾಣದು. ಅದು ದೇಹದೊಳಗಿನ ಏರುಪೇರಿನಿಂದ ಬರುವುದು, ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು. ಇದರ ಜೊತೆಗೆ ಹೊರಗಿನಿಂದ ಸಾಂತ್ವನದ ಮಾತು, ಒಳಗಿನಿಂದ ರೋಗಿ ತಾನೇ ಕೂಡಿಟ್ಟುಕೊಂಡ ಒಳ್ಳೆಯ ಯೋಚನೆ. ಆರೋಗ್ಯವಿದ್ದಾಗಲೇ ಅಂಥ ಯೋಚನೆಗಳನ್ನು ಶೇಖರಿಸಿಟ್ಟುಕೊಳ್ಳಬೇಕು, ಮನೆಯಲ್ಲಿ ಮದ್ದು ಇಟ್ಟುಕೊಂಡಂತೆ, ಎಂದು ಅವರು ಸಲಹೆ ನೀಡಿದ್ದರು. ಕೆಟ್ಟ ಯೋಚನೆಗಳ ಕಾಟವಿರುವವರು ಒಂಟಿಯಾಗಿರಬಾರದೆಂದೂ ಹೇಳಿದ್ದರು.

ಈ ಕೊನೆಯ ಮಾತನ್ನು ಇಲ್ಲೇ ಹೇಳಲು ಕಾರಣವಿದೆ. ಗಝಾಲಿಯವರು(ರ) ಆರಿಸಿಕೊಂಡದ್ದು ಏಕಾಂತ. ಅದನ್ನು ಓದಿ ಖಿನ್ನತೆಯಲ್ಲಿರುವ ಒಬ್ಬರು ಬಾಗಿಲು ಹಾಕಿಕೊಂಡು ಕುಳಿತರೆ ಅದು ಅನುಸರಣೆಯಲ್ಲ, ಅಪಾಯ. ಇಮಾಮರ ಏಕಾಂತದ ಹಿಂದೆ ಎಷ್ಟು ಕೈಗಳಿದ್ದುವೆಂದು ನೋಡಬೇಕು.

ದಿಕ್ಕು ತೋಚದವನು ಮೊರೆಯಿಡುವಂತೆ ಅವರು ಅಲ್ಲಾಹನಲ್ಲಿ ಮೊರೆಯಿಟ್ಟರು. ಹುದ್ದೆ, ಹಣ, ಗೆಳೆಯರನ್ನು ಬಿಡುವುದು ಸುಲಭವಾಯಿತು. ಮಕ್ಕಾಕ್ಕೆ ಹೋಗುವೆನೆಂದು ಪ್ರಕಟಿಸಿ, ಮನಸ್ಸಿನಲ್ಲಿ ಸಿರಿಯಾವನ್ನು ಇಟ್ಟುಕೊಂಡು, ಆ ವರ್ಷದ ದುಲ್ ಕಅದ್ ತಿಂಗಳಲ್ಲಿ, ಅಂದರೆ 1095ರ ನವೆಂಬರಿನಲ್ಲಿ ಬಗ್ದಾದ್ ಬಿಟ್ಟರು. ಬರಿಗೈಯಲ್ಲಿ ಸಂಸಾರವನ್ನು ಬಿಟ್ಟುಹೋಗಲಿಲ್ಲ. ಇದ್ದುದನ್ನು ದಾನ ಮಾಡುವಾಗ ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಉಳಿಸಿಟ್ಟರು. ಮದ್ರಸದ ಪೀಠವೂ ಬರಿದಾಗಿ ಉಳಿಯಲಿಲ್ಲ. ತಮ್ಮನಾದ ಅಹ್ಮದ್ ಅಲ್ಲಿ ಕುಳಿತು ಅಣ್ಣನ ಪಾಠಗಳನ್ನು ನಡೆಸಿದರು. ಅಂದು ಊಟಕ್ಕಾಗಿ ಮದ್ರಸ ಸೇರಿದ ಇಬ್ಬರು ಅನಾಥರಲ್ಲಿ ಒಬ್ಬ ಬಿದ್ದಾಗ ಇನ್ನೊಬ್ಬ ಹೆಗಲು ಕೊಟ್ಟಿದ್ದ.

ದಮಾಸ್ಕಸ್‌ನ ಉಮವಿ ಮಸೀದಿಯ ಮಿನಾರವನ್ನೇರಿ, ಬಾಗಿಲು ಮುಚ್ಚಿ, ಇಡೀ ದಿನ ದೇವಸ್ಮರಣೆಯಲ್ಲಿ ಕಳೆಯುತ್ತಿದ್ದರು. ಬಳಿಕ ಜೆರುಸಲೇಮ್. ಹೆಬ್ರೋನಿನಲ್ಲಿ ಪ್ರವಾದಿ ಇಬ್ರಾಹೀಮರ(ಅ) ಸಮಾಧಿಯ ಬಳಿ ಮೂರು ಪ್ರತಿಜ್ಞೆ: ಅರಸರ ಬಳಿಗೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ಗೆಲ್ಲುವುದಕ್ಕಾಗಿ ವಾದಿಸುವುದಿಲ್ಲ. ಅನಾರೋಗ್ಯಕ್ಕೆ ಕಾರಣವಾದವುಗಳನ್ನು ಅವರೇ ಗುರುತಿಸಿ ಬೇಲಿ ಹಾಕಿದ್ದರು. ಅನಂತರ ಹಜ್ಜ್ ಯಾತ್ರೆ.

ಹಜ್ಜಿನ ನಂತರ ಅವರನ್ನು ಊರಿಗೆ ಎಳೆದು ತಂದದ್ದು ಮಕ್ಕಳ ಕರೆ. ಊರಿಗೆ ಮರಳುವ ಯೋಚನೆಯೇ ತಮಗಿರಲಿಲ್ಲವೆಂದು ಅವರು ಬರೆಯುತ್ತಾರೆ. ಆದರೂ ಬಂದರು. ಬಂದ ಮೇಲೆ ಎಲ್ಲವೂ ಸರಿಹೋಯಿತೇ? ಇಲ್ಲ. ನನಗೆ ಈ ಗ್ರಂಥದಲ್ಲಿ ಅತ್ಯಂತ ಹತ್ತಿರವೆನಿಸುವ ಭಾಗ ಇದು. ಕಾಲದ ಗಲಭೆ, ಸಂಸಾರದ ತಾಪತ್ರಯ, ಹೊಟ್ಟೆಪಾಡಿನ ಚಿಂತೆ ಅವರ ಮನಸ್ಸಿನ ನೆಮ್ಮದಿಯನ್ನು ಪದೇ ಪದೇ ಕದಡುತ್ತಿದ್ದುವು. ತಿಳಿಯಾದ ಸ್ಥಿತಿ ಸಿಗುತ್ತಿದ್ದುದು ಅಲ್ಲೊಂದು ಇಲ್ಲೊಂದು ಗಳಿಗೆ ಮಾತ್ರ. ಆದರೆ ಆಸೆ ಬಿಡಲಿಲ್ಲ. ಅಡ್ಡಿಗಳು ದೂರ ತಳ್ಳಿದವು, ಅವರು ಮರಳಿ ಬಂದರು. ಮತ್ತೆ ತಳ್ಳಿದವು, ಮತ್ತೆ ಬಂದರು. ಹೀಗೆ ಸುಮಾರು ಹತ್ತು ವರ್ಷ. ಖಿನ್ನತೆ ಒಮ್ಮೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮತ್ತೊಮ್ಮೆ ಬರುತ್ತದೆಂದು ಇಂದಿನ ವೈದ್ಯವಿಜ್ಞಾನ ಹೇಳುತ್ತದೆ. ಅದಕ್ಕಾಗಿಯೇ ಸ್ವಲ್ಪ ಹಗುರವಾದ ಕೂಡಲೇ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ, ಮರಳುವ ಸೂಚನೆ ಕಂಡರೆ ಕಾಯದೆ ಬನ್ನಿ ಎಂದು ವೈದ್ಯರು ಎಚ್ಚರಿಸುತ್ತಾರೆ. ನಿದ್ದೆ ಕೆಡುವುದು, ಊಟ ಸೇರದಿರುವುದು, ಮಾತು ಕಡಿಮೆಯಾಗುವುದು. ಈ ಸೂಚನೆಗಳು ರೋಗಿಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುವುದುಂಟು.

ಇಹ್ಯಾ ಗ್ರಂಥವನ್ನು ಅವರು ಬರೆದದ್ದು ಈ ವರ್ಷಗಳಲ್ಲೇ. ಅದರ ನಲ್ವತ್ತು ಭಾಗಗಳಲ್ಲಿ ತವಕ್ಕುಲಿನ ಕುರಿತಾದ ಭಾಗವನ್ನು ನಮ್ಮವರು ಮತ್ತೆ ಮತ್ತೆ ಓದಬೇಕು. ಹಸಿವೆಗೆ ರೊಟ್ಟಿ, ಬಾಯಾರಿಕೆಗೆ ನೀರು ಖಚಿತವಾದ ಸಾಧನಗಳು. ಸಾವಿನ ಭಯವಿರುವಾಗ ಅವನ್ನು ಬಿಡುವುದು ತವಕ್ಕುಲ್ ಅಲ್ಲ, ನಿಷಿದ್ಧ. ಬರೆ ಹಾಕಿಸುವುದು, ಮಂತ್ರಿಸುವುದು ಬರೀ ಊಹೆಯ ಸಾಧನಗಳ ಸಾಲಿಗೆ ಸೇರುತ್ತವೆ. ವೈದ್ಯರ ಮದ್ದು ಇವೆರಡರ ನಡುವಿನದು. ಗುಣವಾಗುವ ಸಂಭವ ಹೆಚ್ಚಿರುವುದು, ಸೇವಿಸುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವಲ್ಲ. ಪ್ರವಾದಿಯವರು(ಸ) ಸ್ವತಃ ಮದ್ದು ಸೇವಿಸಿದ್ದನ್ನೂ ಸಹಾಬಿಗಳಿಗೆ ಸೂಚಿಸಿದ್ದನ್ನೂ ಅವರು ಎತ್ತಿಹೇಳುತ್ತಾರೆ. ಮದ್ದು ಬೇಡವೆಂದ ಹಿರಿಯರಿಗೆ ಅವರದೇ ಆದ ಕಾರಣಗಳಿದ್ದುವೆಂದು ಒಂದೊಂದಾಗಿ ವಿವರಿಸುತ್ತಾರೆ. ಅದೇ ಗ್ರಂಥದ ಮೊದಲ ಭಾಗದಲ್ಲಿ, ಊರುಗಳಲ್ಲಿ ಮುಸ್ಲಿಮ್ ವೈದ್ಯರೇ ಇಲ್ಲದಿರುವಾಗ ಎಲ್ಲರೂ ಕರ್ಮಶಾಸ್ತ್ರಕ್ಕೇ ಮುಗಿಬೀಳುವುದೇಕೆಂದು ಕಟುವಾಗಿ ಕೇಳಿದ್ದಾರೆ. ವೈದ್ಯರ ಕೈಗೆ ನಾಡಿ ಕೊಟ್ಟು ಕುಳಿತಿದ್ದವರ ಮಾತು ಇದು.

ನಿಝಾಮುಲ್ ಮುಲ್ಕ್‌ರ ಮಗ ಫಖ್ರುಲ್ ಮುಲ್ಕ್ ಮಂತ್ರಿಯಾದಾಗ ನಿಶಾಪುರದಲ್ಲಿ ಪಾಠ ಹೇಳಬೇಕೆಂದು ಬಲವಂತ ಮಾಡಿದರು. ಮತ್ತೆ ಅದೇ ಪೀಠ, ಅದೇ ಹೆಸರು. ಹಿಂಜರಿಕೆ ಸಹಜ. ಈ ಬಾರಿ ಅವರು ಒಬ್ಬರೇ ನಿರ್ಧರಿಸಲಿಲ್ಲ. ತಮ್ಮ ಮನಸ್ಸನ್ನು ಬಲ್ಲ ಸಜ್ಜನರ ಬಳಿ ವಿಚಾರವಿಟ್ಟರು. ಎಲ್ಲರೂ ಒಂದೇ ಮಾತಾಗಿ, ಮೂಲೆಯಿಂದ ಎದ್ದು ಬನ್ನಿ ಎಂದರು. 499ರ ದುಲ್ ಕಅದ್‌ನಲ್ಲಿ, ಕ್ರಿ.ಶ. 1106ರಲ್ಲಿ, ಬಗ್ದಾದ್ ಬಿಟ್ಟ ಅದೇ ತಿಂಗಳಲ್ಲಿ, ಹನ್ನೊಂದು ವರ್ಷಗಳ ಬಳಿಕ ಅವರ ನಾಲಗೆ ಮತ್ತೆ ಪಾಠ ಹೇಳಿತು.

ನಿಶಾಪುರದ ಅಬ್ದುಲ್ ಗಾಫಿರ್ ಫಾರಿಸಿ ಅವರನ್ನು ಮೊದಲಿನಿಂದಲೂ ಬಲ್ಲವರು. ಹಿಂದಿನ ದರ್ಪ, ಇತರರನ್ನು ಕೀಳಾಗಿ ಕಾಣುವ ಸ್ವಭಾವ ಹೋಗಿರುವುದು ನಟನೆಯಿರಬಹುದೆಂದು ಮೊದಲು ಶಂಕಿಸಿ, ಹಲವು ಬಾರಿ ಭೇಟಿಯಾಗಿ ಪರೀಕ್ಷಿಸಿ, ನಿಜವೆಂದು ಒಪ್ಪಿಕೊಂಡರು. ಕೊನೆಗೆ ತೂಸ್‌ಗೆ ಮರಳಿದ ಗಝಾಲಿಯವರು(ರ) ಮನೆಯ ಪಕ್ಕದಲ್ಲೇ ಒಂದು ಮದ್ರಸವನ್ನೂ ಸೂಫಿಗಳಿಗೆ ಒಂದು ತಂಗುದಾಣವನ್ನೂ ಕಟ್ಟಿದರು. ದಿನವನ್ನು ಪಾಲು ಮಾಡಿಕೊಂಡರು: ಕುರ್‌ಆನ್ ಪಾರಾಯಣಕ್ಕೆ ಇಷ್ಟು, ಸಜ್ಜನರ ಜೊತೆ ಕುಳಿತುಕೊಳ್ಳಲು ಇಷ್ಟು, ಪಾಠಕ್ಕೆ ಇಷ್ಟು. ಮಿನಾರದ ಮುಚ್ಚಿದ ಬಾಗಿಲು ಇಲ್ಲಿರಲಿಲ್ಲ. ಸುತ್ತ ಜನರಿದ್ದರು, ಮನೆಯಲ್ಲಿ ಹೆಣ್ಣುಮಕ್ಕಳಿದ್ದರು.

ಹಿಜರಿ 505ರ ಜುಮಾದುಲ್ ಆಖಿರ್ 14, ಸೋಮವಾರ, ಕ್ರಿ.ಶ. 1111ರ ಡಿಸೆಂಬರ್. ಮುಂಜಾನೆ ಎದ್ದು ವುಝೂ ಮಾಡಿ ನಮಾಝ್ ನಿರ್ವಹಿಸಿದರು. ಕಫನ್ ಬಟ್ಟೆಯನ್ನು ತರಿಸಿಕೊಂಡು, ಮುತ್ತಿಟ್ಟು, ಕಣ್ಣಿಗೊತ್ತಿಕೊಂಡರು. ಕಿಬ್ಲಾದ ಕಡೆಗೆ ಕಾಲು ಚಾಚಿ ಮಲಗಿದರು. ಬೆಳಕು ಪೂರ್ತಿ ಹರಿಯುವ ಮೊದಲೇ ಪ್ರಾಣ ಹೋಗಿತ್ತು. ಈ ಕೊನೆಯ ಗಳಿಗೆಯ ವಿವರವನ್ನು ಲೋಕಕ್ಕೆ ತಿಳಿಸಿದವರು ಅವರ ತಮ್ಮ ಅಹ್ಮದ್.